ಸೂಜಿ ಬೇಡ ಅಂದರೆ ಕಾಲೇಜು ಬಿಡಬೇಕಾ?

ಪ್ರಶ್ನೆ: ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಎಸ್ಸಿ ನರ್ಸಿಂಗ್ ಎರಡನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಸಿದ್ದಾಪುರ ತಾಲ್ಲೂಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ವಾರ್ಡ್ ಪೋಸ್ಟಿಂಗ್ ಇಲ್ಲ ಎಂದು ಕಾಲೇಜಿನವರು ಹೇಳಿದ್ದಾರೆ. ನಮ್ಮಜ್ಜ ಮಂಗನ ಕಾಯಿಲೆ ಸೂಜಿ ಹಾಕಿಸಿಕೊಂಡು ಮೂರು ದಿನ ತೋಳು ಎತ್ತಿರಲಿಲ್ಲ. ನನಗೂ ಸೂಜಿ ಅಂದರೆ ಮೊದಲಿನಿಂದ ಹೆದರಿಕೆ. ಹಾಕಿಸಿಕೊಳ್ಳದ ಏಳು ಜನರ ಹೆಸರನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದಾರೆ. ಬೇರೆ ಕಾಲೇಜಿಗೆ ಹೋಗಿಬಿಡೋಣ ಅನಿಸುತ್ತಿದೆ. ನನ್ನ ದೇಹ, ನನ್ನ ಇಷ್ಟ ಅಲ್ವಾ? ಇದರ ಮಧ್ಯೆ ಮುಂದಿನ ತಿಂಗಳು ಅಂತರ ಕಾಲೇಜು ಚರ್ಚಾ ಸ್ಪರ್ಧೆ ಇದೆ. ವಿಷಯ, 'ಸಾರ್ವಜನಿಕ ಆರೋಗ್ಯದಲ್ಲಿ ವ್ಯಕ್ತಿಯ ಆಯ್ಕೆಗೆ ಜಾಗ ಇರಬೇಕು'. ನಾನು ಪರವಾಗಿ ಮಾತಾಡಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಇದು ಲಸಿಕೆಯ ತಕರಾರು ಅನಿಸಿತು. ಎರಡನೇ ಸಲ ನನ್ನ ಕಣ್ಣು ನಿಂತದ್ದು ನೋಟಿಸ್ ಬೋರ್ಡಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸೂಜಿ ವಿಷಯ ಮುಗಿಸೋಣ.

ನಾನು ಸಮುದಾಯ ವೈದ್ಯಶಾಸ್ತ್ರ ಕಲಿಸಿದವನು. ಅದಕ್ಕೂ ಮೊದಲು, 1991ರಲ್ಲಿ, ಹೌಸ್ ಸರ್ಜನ್ ಆಗಿದ್ದೆ. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ರೋಗಿಯ ರಕ್ತ ತೆಗೆದು, ಸೂಜಿಗೆ ಮುಚ್ಚಳ ಹಾಕಲು ಹೋದೆ. ನಿದ್ದೆಗಣ್ಣು. ಸೂಜಿ ಮುಚ್ಚಳದ ಪಕ್ಕದಿಂದ ಜಾರಿ ಎಡಗೈ ಹೆಬ್ಬೆರಳಿಗೆ ಹೋಯಿತು. ನೋವೇನೂ ಆಗಲಿಲ್ಲ. ಗ್ಲೌಸ್ ಒಳಗೆ ಒಂದು ಸಣ್ಣ ಕೆಂಪು ಚುಕ್ಕೆ ಮಾತ್ರ. ನಲ್ಲಿ ಕೆಳಗೆ ಹಿಡಿದು ಹಿಂಡಿದೆ (ಈಗ ಹಿಂಡಬೇಡಿ ಅಂತ ಕಲಿಸುತ್ತೇವೆ, ಸೋಪು ನೀರಲ್ಲಿ ತೊಳೆದರೆ ಸಾಕು). ಎರಡು ದಿನದ ನಂತರ ಆ ರೋಗಿಯ ರಿಪೋರ್ಟ್ ಬಂತು. ಹೆಪಟೈಟಿಸ್ ಬಿ ಪಾಸಿಟಿವ್, ಅಂದರೆ ರಕ್ತದಿಂದ ಹರಡಿ ಲಿವರ್‌ಗೆ ತಗಲುವ ವೈರಸ್. ಆಗ ಲಸಿಕೆ ಹೊರದೇಶದಿಂದ ಬರುತ್ತಿತ್ತು, ನನ್ನ ಸ್ಟೈಪೆಂಡ್‌ಗೆ ಎಟುಕುತ್ತಿರಲಿಲ್ಲ. ಹಾಕಿಸಿಕೊಂಡಿರಲಿಲ್ಲ. ಆರು ತಿಂಗಳು ಪ್ರತಿ ಬೆಳಿಗ್ಗೆ ಹಲ್ಲುಜ್ಜುವಾಗ ಕೆಳರೆಪ್ಪೆ ಎಳೆದು ಕಣ್ಣು ಹಳದಿ ಆಗಿದೆಯಾ ಅಂತ ನೋಡಿಕೊಂಡೆ. ಏನೂ ಆಗಲಿಲ್ಲ. ನನ್ನ ಪುಣ್ಯ ಅನ್ನಬೇಕು, ಅಷ್ಟೇ.

ಲೆಕ್ಕ ಹೇಳುತ್ತೇನೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಇರುವ ರೋಗಿಯ ಸೂಜಿ ಚುಚ್ಚಿದರೆ, ಸೋಂಕು ತಗಲುವ ಸಾಧ್ಯತೆ 100ಕ್ಕೆ 6ರಿಂದ 30. ಆ ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದರ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ. ಹೆಪಟೈಟಿಸ್ ಸಿಗೆ ಇದೇ ಲೆಕ್ಕ 100ಕ್ಕೆ 2ಕ್ಕಿಂತ ಕಡಿಮೆ. ನಾವೆಲ್ಲ ಜಾಸ್ತಿ ಹೆದರುವ ಎಚ್‌ಐವಿಗೆ 1000ಕ್ಕೆ 3. ಹೆಪಟೈಟಿಸ್ ಬಿ ವೈರಸ್ ಇನ್ನೂ ಒಂದು ವಿಷಯದಲ್ಲಿ ಗಟ್ಟಿಪಿಂಡ. ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ ಏಳು ದಿನ ಬದುಕಿರುತ್ತದೆ. ಟ್ರಾಲಿ ಅಂಚಿನಲ್ಲಿ ಕಳೆದ ಸೋಮವಾರ ಬಿದ್ದ ಹನಿ ಈ ಭಾನುವಾರವೂ ಸುಮ್ನೆ ಕೂತಿರುವುದಿಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ದೊಡ್ಡವರಿಗೆ ಈ ಸೋಂಕು ತಗುಲಿದರೆ ಹೆಚ್ಚಿನವರ ದೇಹ ಅದನ್ನು ತಾನೇ ಓಡಿಸುತ್ತದೆ. 100ಕ್ಕೆ 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಅದು ಕಾಯಂ ಉಳಿದು, ವರ್ಷಗಳ ನಂತರ ಲಿವರ್ ಗಟ್ಟಿಯಾಗುವುದು, ಕ್ಯಾನ್ಸರ್ ಇವೆಲ್ಲ ಬರಬಹುದು. ಆದರೆ ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೆ ಹೋದರೆ ಲೆಕ್ಕ ತಲೆಕೆಳಗು. 100ಕ್ಕೆ ಸುಮಾರು 90 ಮಕ್ಕಳಲ್ಲಿ ಜೀವನಪೂರ್ತಿ ಉಳಿಯುತ್ತದೆ. ನೀವಿರುವುದು ಇಪ್ಪತ್ತರ ಒಳಗಿನ ವಯಸ್ಸು. ಮುಂದೆ ನಿಮಗೂ ಮಕ್ಕಳಾಗಬಹುದು, ಅಲ್ವಾ?

ಲಸಿಕೆ ಬಗ್ಗೆ ನಿಮ್ಮ ಹೆದರಿಕೆ ಅಜ್ಜನ ತೋಳಿನಿಂದ ಬಂದದ್ದು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಮಂಗನ ಕಾಯಿಲೆ ಸೂಜಿ ನಿಜಕ್ಕೂ ನೋಯುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷ ವರ್ಷ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಾನು ಲಸಿಕೆ ತಂಡದ ಜೊತೆ ತಿರುಗಿದ್ದೇನೆ. ನಮ್ಮ ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ತೋಟದ ಹಿಂದಿನಿಂದ ಕಾಡಿಗೆ ನಡೆಯುತ್ತಿದ್ದರು. ಅಂದರೆ ಈ ಕಾಯಿಲೆ ತರುವ ಉಣುಗು ಇರುವ ಜಾಗಕ್ಕೇ! ಒಬ್ಬ ಅಜ್ಜಿ ಮಾತ್ರ ಜಗುಲಿ ಮೇಲೆ ಕೂತು, "ಹೋದ ವರ್ಷ ಹಾಕಿಸಿಕೊಂಡ ನನ್ನ ಅಳಿಯನಿಗೇ ಜ್ವರ ಬಂತಲ್ಲ ಡಾಕ್ಟ್ರೇ, ಇದಕ್ಕೇನಂತೀರಿ?" ಎಂದು ಕೇಳಿದರು. ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಆಮೇಲೆ ಸರ್ಕಾರದ ಬಳಿಯೂ ಇರಲಿಲ್ಲ. ಆ ಲಸಿಕೆಯ ಶಕ್ತಿ ಕಡಿಮೆ ಎಂದು ಗೊತ್ತಾಗಿ 2022ರಲ್ಲಿ ಅದನ್ನು ನಿಲ್ಲಿಸಿದರು.

ಚರ್ಚಾ ಸ್ಪರ್ಧೆಗೆ ಇದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಊರಿನ ಕಥೆ, ನಿಮ್ಮ ಪರವಾಗಿ ಸಿಗುವ ಬಲವಾದ ಮಾತು. 'ಬೇಡ' ಅಂದವರೆಲ್ಲ ದಡ್ಡರಲ್ಲ. ಕೆಲವು ಸಲ ಅವರ ಅನುಭವ ಫೈಲಿಗಿಂತ ಮೊದಲೇ ಸತ್ಯ ಹೇಳಿರುತ್ತದೆ.

ಆದರೆ ಒಂದು ಲಸಿಕೆ ಕೈಕೊಟ್ಟಿತು ಅಂತ ಎಲ್ಲ ಲಸಿಕೆಯನ್ನೂ ಅದೇ ಚೀಲಕ್ಕೆ ತುಂಬುವ ಹಾಗಿಲ್ಲ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ವೈರಸ್ಸೇ ಇರುವುದಿಲ್ಲ, ಸತ್ತದ್ದೂ ಇಲ್ಲ. ವೈರಸ್ಸಿನ ಹೊರಮೈಯ ಒಂದು ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ ಕೊಡುತ್ತಾರೆ. ಅದರಿಂದ ಕಾಮಾಲೆ ಬರುವುದು ಸಾಧ್ಯವಿಲ್ಲ. ಈ ರೀತಿಯ ಲಸಿಕೆ 1986ರಿಂದ ಇದೆ. ನಮ್ಮಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇದನ್ನು ತಯಾರಿಸಿ ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿಯಿತು. ನನ್ನಂಥವರ ಕೈಗೂ ಬಂತು. ಮೂರು ಡೋಸ್, ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ತೋಳು ಒಂದೆರಡು ದಿನ ಭಾರ ಅನಿಸಬಹುದು, ಕೆಲವರಿಗೆ ಮೈ ಬೆಚ್ಚಗಾಗುತ್ತದೆ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕು. ಟೈಟರ್, ಅಂದರೆ ಆಂಟಿಬಾಡಿಯ ಪ್ರಮಾಣ, 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಗಿಯಿತು. ತುಂಬ ಕಾಲೇಜುಗಳು ಸೂಜಿ ಚುಚ್ಚಿ ಟಿಕ್ ಹಾಕಿ ಸುಮ್ಮನಾಗುತ್ತವೆ, ಈ ಪರೀಕ್ಷೆ ಮಾಡಿಸುವುದಿಲ್ಲ. ನೀವು ಕೇಳಿ ಮಾಡಿಸಿಕೊಳ್ಳಿ.

ಸೂಜಿ ಹೆದರಿಕೆಗೆ ನಾಚಿಕೆ ಬೇಡ. ಕಣ್ಣುಮುಚ್ಚಿ ಐವಿ ಲೈನ್ ಹಾಕುವಷ್ಟು ಪಳಗಿದ ಸಿಸ್ಟರ್‌ಗಳು ತಮ್ಮ ಸರದಿ ಬಂದಾಗ ಮುಖ ತಿರುಗಿಸುವುದನ್ನು ಎಷ್ಟೋ ನೋಡಿದ್ದೇನೆ. ಮೊದಲೇ ಹೇಳಿಬಿಡಿ. ಮಲಗಿಕೊಂಡು ಹಾಕಿಸಿಕೊಳ್ಳಿ. ತಿಂಡಿ ತಿಂದು ಹೋಗಿ. ತಲೆ ಸುತ್ತುವವರು ಮಲಗಿದ್ದರೆ ಬೀಳುವುದಿಲ್ಲ, ಅಷ್ಟು ಸರಳ.

ಇನ್ನು 'ನನ್ನ ದೇಹ, ನನ್ನ ಇಷ್ಟ'.

ಇದು ಬರೀ ಘೋಷಣೆ ಅಲ್ಲ, ಕಾನೂನು ಕೂಡ. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಕೋವಿಡ್ ಲಸಿಕೆ ಬಗ್ಗೆ ತೀರ್ಪು ಕೊಟ್ಟಿತು. ಸಂವಿಧಾನದ 21ನೇ ವಿಧಿಯ ಪ್ರಕಾರ ದೇಹದ ಮೇಲಿನ ಹಕ್ಕು ವ್ಯಕ್ತಿಯದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಲಸಿಕೆ ಹಾಕಿಸಿಕೊಳ್ಳದವರ ಮೇಲೆ ಹೇರಿರುವ ನಿರ್ಬಂಧಗಳನ್ನು ಮರುಪರಿಶೀಲಿಸಿ ಎಂದು ಶಿಕ್ಷಣ ಸಂಸ್ಥೆಗಳಿಗೂ ಸೂಚಿಸಿತು. ಸ್ಪರ್ಧೆಯಲ್ಲಿ ನಿಮ್ಮ ಕಡೆಯ ಎಲ್ಲರೂ ಇದನ್ನೇ ಹೇಳುತ್ತಾರೆ. ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಎದುರಾಳಿ ಬುದ್ಧಿವಂತನಾಗಿದ್ದರೆ ತೀರ್ಪಿನ ಉಳಿದರ್ಧ ಓದುತ್ತಾನೆ. ಅದರಲ್ಲಿ ಕೋರ್ಟ್, ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ವ್ಯಕ್ತಿಯ ಹಕ್ಕಿಗೆ ಕೆಲವು ಮಿತಿ ಹಾಕಬಹುದು, ಆದರೆ ಅದಕ್ಕೆ ಕಾನೂನಿನ ಆಧಾರ ಬೇಕು, ಸರಿಯಾದ ಕಾರಣ ಬೇಕು, ಮಿತಿ ಕಾರಣಕ್ಕೆ ತಕ್ಕಷ್ಟೇ ಇರಬೇಕು ಎಂದಿದೆ. ಆಗ ನಿರ್ಬಂಧಗಳನ್ನು ಅದು ಒಪ್ಪದೆ ಇದ್ದುದಕ್ಕೂ ಕಾರಣ ಇತ್ತು. ಲಸಿಕೆ ಹಾಕಿಸಿಕೊಳ್ಳದವರಿಂದ ಹಾಕಿಸಿಕೊಂಡವರಿಗಿಂತ ಹೆಚ್ಚು ಹರಡುತ್ತದೆ ಎನ್ನಲು ಸರ್ಕಾರಗಳು ಲೆಕ್ಕ ತೋರಿಸಿರಲಿಲ್ಲ.

ಅಂದರೆ ಕೋರ್ಟ್ ಕೇಳಿದ ಪ್ರಶ್ನೆ ಸರಳ. ನಿನ್ನ 'ಬೇಡ' ನಿನ್ನ ಮೈಯಲ್ಲೇ ಮುಗಿಯುತ್ತದಾ, ಪಕ್ಕದವರ ಮೈಗೂ ಹೋಗುತ್ತದಾ?

ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಉಣುಗು ಕಚ್ಚಿ ಬರುತ್ತದೆ. ನಿಮ್ಮಜ್ಜ ಸೂಜಿ ಬೇಡ ಅಂದಿದ್ದರೆ ಪಕ್ಕದ ಮನೆಯವರಿಗೆ ಏನೂ ಆಗುತ್ತಿರಲಿಲ್ಲ. ದಡಾರ ಹಾಗಲ್ಲ, ಒಂದು ಮಗುವಿನಿಂದ ಇಡೀ ಅಂಗನವಾಡಿಗೆ ಹೋಗುತ್ತದೆ. ಬೀಡಿ ಸೇದುವುದು ನಿಮ್ಮ ಇಷ್ಟ, ಹೊಗೆಗೆ ಅದು ಗೊತ್ತಿಲ್ಲ. ಅದಕ್ಕೇ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಸೇದುವುದು ದೇಶದೆಲ್ಲೆಡೆ ನಿಂತದ್ದು (ನಿಂತದ್ದು ಕಾಗದದ ಮೇಲೆ ಅನ್ನಿ, ಯಾವ ಬಸ್ ಸ್ಟ್ಯಾಂಡಿಗೆ ಬೇಕಾದರೂ ಹೋಗಿ ನೋಡಿ). ಹೆಲ್ಮೆಟ್ಟು ಇನ್ನೊಂದು ಥರ. ತಲೆ ನಿಮ್ಮದೇ, ಒಡೆದರೂ ನಿಮ್ಮದೇ, ಆದರೂ ದಂಡ.

ಹೆಪಟೈಟಿಸ್ ಬಿ ಎಲ್ಲಿ ಕೂರುತ್ತದೆ? ಕಾಲೇಜಿನವರು ನಿಮಗೆ 'ರೋಗಿಗಳಿಗೆ ಹರಡುತ್ತೀಯ' ಎಂದು ಹೇಳಿರಬಹುದು. ಹೇಳಿದ್ದರೆ ಅದು ಅರ್ಧ ಮಾತು. ನರ್ಸ್‌ನಿಂದ ರೋಗಿಗೆ ಹರಡುವುದು ಉಂಟು, ಆದರೆ ಅಪರೂಪ. ಹೆಚ್ಚಾಗಿ ಅಪಾಯ ರೋಗಿಯಿಂದ ನಿಮಗೆ. ನನ್ನ ಲೆಕ್ಕದಲ್ಲಿ ಈ ಲಸಿಕೆ ಮುಕ್ಕಾಲು ಪಾಲು ಹೆಲ್ಮೆಟ್ಟು, ಕಾಲು ಪಾಲು ಮಾಸ್ಕು. ಇದನ್ನು ಒಪ್ಪಿಕೊಂಡರೆ ನಿಮ್ಮ ವಾದಕ್ಕೆ ನಿಜವಾದ ಬಲ ಇದೆ. ಮುಖ್ಯವಾಗಿ ನನ್ನ ಒಳ್ಳೆಯದಕ್ಕೇ ಇರುವ ವಸ್ತುವನ್ನು ನನ್ನ ಮೇಲೆ ಹೇರಬೇಡಿ, ನನಗೆ ಒಪ್ಪಿಸಿ ಎಂದು ನೀವು ಕೇಳಬಹುದು.

ಅಮೆರಿಕದಲ್ಲಿ 1991ರಲ್ಲಿ ಬಂದ ನಿಯಮ ಬಹುಮಟ್ಟಿಗೆ ಇದೇ ದಾರಿ ಹಿಡಿದಿದೆ. ರಕ್ತದ ಜೊತೆ ಕೆಲಸ ಮಾಡುವವರಿಗೆ ಮಾಲೀಕರು ಕೆಲಸಕ್ಕೆ ಹಚ್ಚಿದ 10 ಕೆಲಸದ ದಿನಗಳೊಳಗೆ ಈ ಲಸಿಕೆಯನ್ನು ಪುಕ್ಕಟೆ ಕೊಡಬೇಕು. ಬೇಡ ಅಂದವರು, ಅಪಾಯ ಏನೆಂದು ತಿಳಿದಿದ್ದೇನೆ, ಸದ್ಯ ಬೇಡ ಎಂಬ ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಮನಸ್ಸು ಬದಲಾದರೆ ಯಾವಾಗ ಬಂದರೂ ಪುಕ್ಕಟೆ. ಅಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಹೆಪಟೈಟಿಸ್ ಬಿ ತಗಲುವುದು 1983ರಿಂದ 1995ರ ಹೊತ್ತಿಗೆ 95% ಇಳಿಯಿತು. ಲಸಿಕೆ, ಗ್ಲೌಸು, ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಇರುವ ಅಭ್ಯಾಸ ಎಲ್ಲ ಸೇರಿ ಆದದ್ದು. ಯಾರನ್ನೂ ಹಿಡಿದು ಚುಚ್ಚಲಿಲ್ಲ. ಸ್ಪರ್ಧೆಯಲ್ಲಿ ಇದನ್ನು ನಿಧಾನವಾಗಿ ಹೇಳಿ, ಮಧ್ಯದಲ್ಲಿ ಉಸಿರು ತೆಗೆದುಕೊಳ್ಳಿ, ಕೆಲಸ ಮಾಡುತ್ತದೆ.

ಬಲವಂತ ಮಾಡಿದಾಗ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸಿಪಾಯಿಗಳು ಮನೆಮನೆ ನುಗ್ಗಿ ತಪಾಸಣೆ ಮಾಡಿದರು. ಅಡುಗೆಮನೆ, ದೇವರಮನೆ ಏನನ್ನೂ ನೋಡಲಿಲ್ಲ. ಜನ ಕಾಯಿಲೆ ಬಿದ್ದವರನ್ನು ಬಚ್ಚಿಡಲು ಶುರು ಮಾಡಿದರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹಾರಿಸಿದರು. ಪ್ಲೇಗ್ ಏನೂ ನಿಲ್ಲಲಿಲ್ಲ, ಮರುವರ್ಷ ಬೆಂಗಳೂರಿಗೂ ಬಂತು. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆದವು. ಅದರಲ್ಲಿ ಹೆಚ್ಚಿನವರು ಗಂಡಸರು. ಆಮೇಲೆ ಗಂಡಸರು ಆ ಬಾಗಿಲ ಕಡೆ ತಲೆ ಹಾಕಲಿಲ್ಲ, ಇವತ್ತಿಗೂ ಆ ಭಾರ ಹೆಂಗಸರ ಮೇಲೇ ಇದೆ. ನಾನು ಪಾಠ ಮಾಡುವಾಗ ಇವೆರಡನ್ನೂ ಹೇಳದೆ ಸೆಮಿಸ್ಟರ್ ಮುಗಿಸಿದ್ದಿಲ್ಲ.

ಎದುರಿನವರು ಗೋಬಿ ಮಂಚೂರಿ ಎತ್ತಬಹುದು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಗೂ ಬೊಂಬಾಯಿ ಮಿಠಾಯಿಗೂ ಹಾಕುತ್ತಿದ್ದ ಕೃತಕ ಬಣ್ಣ ನಿಷೇಧಿಸಿದಾಗ, 'ತಿನ್ನೋರು ನಾವು, ನಿಮಗೇನು' ಎಂದವರು ಇದ್ದರು. ಇದಕ್ಕೆ ಉತ್ತರ ನಿಮ್ಮ ಕಡೆಯಿಂದಲೇ ಇದೆ. ಅದರಲ್ಲಿ ಸಿಕ್ಕ ರೋಡಮೈನ್-ಬಿ ಅಂದರೆ ಬಟ್ಟೆಗೆ ಹಾಕುವ ಬಣ್ಣ. ಅದು ಇದೆ ಅಂತ ಗೊತ್ತಿಲ್ಲದೆ ತಿಂದದ್ದು ಆಯ್ಕೆ ಹೇಗಾಗುತ್ತದೆ? ಗೊತ್ತಿದ್ದು ಬೇಡ ಅನ್ನುವುದಕ್ಕೂ ಗೊತ್ತಿಲ್ಲದೆ ಬೇಕು ಅನ್ನುವುದಕ್ಕೂ ವ್ಯತ್ಯಾಸ ಇದೆ. ವ್ಯಕ್ತಿಯ ಆಯ್ಕೆಯ ಪರ ಮಾತಾಡುವವರು ಮೊದಲು ಮಾಹಿತಿ ಕೇಳಬೇಕು. ನೀವೂ ಅಷ್ಟೇ. ಈ ಪತ್ರ ಬರೆಯುವ ಮುಂಚೆ ನಿಮಗೆ ಆ 6ರಿಂದ 30ರ ಲೆಕ್ಕವನ್ನು ಕಾಲೇಜಿನಲ್ಲಿ ಯಾರಾದರೂ ಹೇಳಿದ್ದರಾ? ಅನುಮಾನ. ನಿಮ್ಮ ಪಠ್ಯದಲ್ಲಿ ಮೈಕ್ರೋಬಯಾಲಜಿ ಮತ್ತು ಸೋಂಕು ನಿಯಂತ್ರಣ ಬರುವುದೇ ಮೂರನೇ ಸೆಮಿಸ್ಟರ್‌ಗೆ. ವಾರ್ಡಿಗೆ ಕಳಿಸುವುದು ಅದಕ್ಕೂ ಮೊದಲು.

ಹಾಗಾದರೆ ನಿಮ್ಮ ವಿಷಯದಲ್ಲಿ ನನ್ನ ತೀರ್ಮಾನ ಏನು? ಸೂಜಿ ಬೇಡ ಅನ್ನುವ ಹಕ್ಕು ನಿಮಗಿದೆ. ಸೂಜಿ ಬೇಡ, ಆದರೆ ವಾರ್ಡಿಗೆ ಕಳಿಸಿ ಎನ್ನುವುದು ಆ ಹಕ್ಕಿನೊಳಗೆ ಬರುವುದಿಲ್ಲ. ನಾಳೆ ನಿಮಗೇನಾದರೂ ಆದರೆ ಜವಾಬ್ದಾರಿ ಕಾಲೇಜಿನದು. ವಿದ್ಯಾರ್ಥಿನಿಯನ್ನು ರಕ್ಷಣೆ ಇಲ್ಲದೆ ರಕ್ತದ ಕೆಲಸಕ್ಕೆ ಕಳಿಸಲಾರೆ ಎಂದು ಅವರು ಹೇಳಿದರೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಬೋರ್ಡಿಗೆ ಹೆಸರು ಹಚ್ಚಿದ್ದು ತಪ್ಪು. ಅದರಲ್ಲಿ ನನಗೆ ಎರಡು ಮಾತಿಲ್ಲ. ಯಾರು ಯಾವ ಲಸಿಕೆ ಹಾಕಿಸಿಕೊಂಡಿದ್ದಾರೆ ಎನ್ನುವುದು ಅವರ ಆರೋಗ್ಯದ ಮಾಹಿತಿ. ಅದು ಕ್ಲಾಸ್ ಟೀಚರ್‌ಗೂ ಪೋಸ್ಟಿಂಗ್ ಹಾಕುವವರಿಗೂ ಗೊತ್ತಿದ್ದರೆ ಸಾಕು, ಕ್ಯಾಂಟೀನ್ ಹುಡುಗನಿಗೆ ಗೊತ್ತಾಗಬೇಕಿಲ್ಲ. ನಮ್ಮ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು 80 ದಾಟಿದ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮೇಲೆ ಹೇಳಿದ ಲಸಿಕೆ ತೀರ್ಪಿನ ಅಳತೆಗೋಲು ಬಂದದ್ದೂ ಈ ತೀರ್ಪಿನಿಂದಲೇ. ಚರ್ಚೆಯಲ್ಲಿ ಇದನ್ನು ಬಿಡಬೇಡಿ. ಆಮೇಲೆ ಯೋಚಿಸಿ, ಪಟ್ಟಿ ಹಚ್ಚಿದ್ದರಿಂದ ಆದದ್ದೇನು? ಏಳು ಜನರಲ್ಲಿ ಒಬ್ಬರಾದ ನೀವು ಲಸಿಕೆ ಕೊಠಡಿಗೆ ಹೋಗುವ ಬದಲು ಕಾಲೇಜು ಬಿಡುವ ಯೋಚನೆ ಮಾಡಿದಿರಿ. ಪುಣೆಯ ಕಥೆಯ ಚಿಕ್ಕ ರೂಪ.

ನಿಮಗೆ ಉರಿದದ್ದು ಇದೇ, ಸೂಜಿಯಲ್ಲ. ನನಗೆ ಹಾಗನಿಸುತ್ತದೆ. ತಪ್ಪಿದ್ದರೆ ಬರೆಯಿರಿ.

ಈಗ ಕಾಲೇಜು ಬದಲಾವಣೆ. ಸೂಜಿಗಾಗಿ ಬದಲಿಸುವುದಾದರೆ ಬೇಡ. ಒಳ್ಳೆಯ ಆಸ್ಪತ್ರೆ ಜೊತೆಗಿರುವ ಯಾವ ಕಾಲೇಜೂ ಇದನ್ನೇ ಕೇಳುತ್ತದೆ. ಕೇಳದ ಕಾಲೇಜು ಸಿಕ್ಕಿತು ಅನ್ನಿ, ಆಗ ನಾನು ಕೇಳುವ ಪ್ರಶ್ನೆ, ಅಲ್ಲಿ ಹಾಸಿಗೆಗಳಲ್ಲಿ ರೋಗಿಗಳಿದ್ದಾರಾ? ನಾಳೆ ಕೆಲಸಕ್ಕೆ ಹೋದರೆ, ಅದರಲ್ಲೂ ಹೊರದೇಶಕ್ಕೆ ಹೋದರೆ, ಟೈಟರ್ ರಿಪೋರ್ಟ್ ಅರ್ಜಿಯ ಜೊತೆಗೇ ಕೇಳುವುದು ಮಾಮೂಲಿ.

ಹಾಸ್ಟೆಲ್, ಫೀಸು, ಕಲಿಸುವವರೇ ಇಲ್ಲದಿರುವುದು, ಕಿರುಕುಳ ಇಂಥ ಬೇರೆ ಕಾರಣ ಇದ್ದರೆ ಬದಲಾವಣೆ ಯೋಚಿಸಬಹುದು. ಆದರೆ ಸಿಟ್ಟಿನಲ್ಲಿ ಬೇಡ. ಸಾಮಾನ್ಯವಾಗಿ ಮೂರು ಕಾಗದ ಬೇಕಾಗುತ್ತವೆ. ಈಗಿನ ಕಾಲೇಜಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಹೊಸ ಕಾಲೇಜಿನ ಒಪ್ಪಿಗೆ ಪತ್ರ, ವಿಶ್ವವಿದ್ಯಾಲಯದ ಅನುಮತಿ. ಮೂರನೆಯದು ಬರುವ ತನಕ ಮೊದಲ ಕಾಲೇಜಿನ ಟಿಸಿ ತೆಗೆಸಬೇಡಿ. ಟಿಸಿ ಕೈಯಲ್ಲಿ ಹಿಡಿದು ಎಲ್ಲೂ ಸೀಟಿಲ್ಲದೆ ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಯನ್ನು ನಾನು ನೋಡಿದ್ದೇನೆ. ಹೊಸ ಕಾಲೇಜಿನ ಏಜೆಂಟ್ 'ಎಲ್ಲ ನಾವು ನೋಡ್ಕೋತೀವಿ' ಅಂದರೆ ಅಲ್ಲಿಂದ ಎದ್ದು ಬನ್ನಿ. ನೇರವಾಗಿ ವಿಶ್ವವಿದ್ಯಾಲಯದ ಸುತ್ತೋಲೆ ನೋಡಿ, ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ದುಡ್ಡಿನ ವಿಷಯ. ಮಧ್ಯದಲ್ಲಿ ಬಿಡುವುದಾದರೆ ಉಳಿದ ವರ್ಷಗಳ ಫೀಸನ್ನೂ ಕಟ್ಟಿ ಎಂದು ಕೆಲವು ಕಾಲೇಜುಗಳು ಕೇಳುತ್ತವೆ. 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಫೀಸನ್ನಷ್ಟೇ ಮುಂಗಡ ತೆಗೆದುಕೊಳ್ಳಬಹುದು ಎಂದಿತು. ಅದೇ ತೀರ್ಪಿನಲ್ಲಿ, ವಿದ್ಯಾರ್ಥಿ ಮಧ್ಯದಲ್ಲಿ ಬಿಡಬಹುದು ಅನಿಸಿದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಎಂದೂ ಇದೆ. ಹಾಗಾಗಿ ಅಡ್ಮಿಷನ್ ದಿನ ನಿಮ್ಮಪ್ಪ ಯಾವ ಯಾವ ಕಾಗದಕ್ಕೆ ಸಹಿ ಹಾಕಿದರು ಎಂದು ಮೊದಲು ಕೇಳಿ. ಆ ದಿನದ ಗಲಾಟೆಯಲ್ಲಿ ಯಾರೂ ಓದಿರುವುದಿಲ್ಲ. ಕಟ್ಟಿದ ಫೀಸು ವಾಪಸ್ ಬರುವ ಆಸೆ ಬೇಡ. ಯುಜಿಸಿಯ 2018ರ ನಿಯಮದಲ್ಲಿ ಕೂಡ ಅಡ್ಮಿಷನ್ ಕೊನೆ ದಿನ ಕಳೆದು 30 ದಿನ ದಾಟಿದರೆ ಏನೂ ಸಿಗುವುದಿಲ್ಲ. ನೀವಿರುವುದು ಎರಡನೇ ಸೆಮಿಸ್ಟರ್. ಆದರೆ ಅದೇ ನಿಯಮ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ನೋಡಿ ವಾಪಸ್ ಕೊಡಬೇಕು. ಸ್ಕಾಲರ್‌ಶಿಪ್ ಅರ್ಜಿಯನ್ನು ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಹಾಕಿದ್ದರೆ, ಬ್ಯಾಂಕ್ ಸಾಲ ಇದ್ದರೆ, ಎರಡೂ ಈಗಿನ ಕಾಲೇಜಿನ ಹೆಸರಿಗೆ ಅಂಟಿಕೊಂಡಿವೆ. ಅವನ್ನೂ ಬದಲಿಸಬೇಕಾಗುತ್ತದೆ.

ನರ್ಸಿಂಗ್‌ನಲ್ಲಿ ಇನ್ನೊಂದು ಸಿಕ್ಕು. ಪರೀಕ್ಷೆಗೆ ಕೂರಲು ಥಿಯರಿಗೂ ಪ್ರಾಕ್ಟಿಕಲ್‌ಗೂ 80% ಹಾಜರಾತಿ ಸಾಕು. ಡಿಗ್ರಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಗಂಟೆಗಳು 100% ಆಗಿರಬೇಕು. ಪೋಸ್ಟಿಂಗ್ ತಪ್ಪಿದ ಒಂದೊಂದು ದಿನವೂ ಸಾಲದ ಹಾಗೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೋಗುವುದಾದರೂ ಇರುವುದಾದರೂ ನಿಮ್ಮ ಲಾಗ್ ಬುಕ್‌ನಲ್ಲಿ ಇಲ್ಲಿಯವರೆಗಿನ ಗಂಟೆಗಳಿಗೆ ಸಹಿ ಆಗಿದೆಯಾ ನೋಡಿಕೊಳ್ಳಿ. ಒಂದು ಜೆರಾಕ್ಸ್ ಇಟ್ಟುಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಬರೆಯುತ್ತಿದ್ದೆ. ಪಟ್ಟಿಯನ್ನು ಬೋರ್ಡಿನಿಂದ ತೆಗೆಯಿರಿ. ಲಸಿಕೆ ಬಗ್ಗೆ ನಮ್ಮ ಏಳು ಜನರನ್ನು ಕೂರಿಸಿಕೊಂಡು ಒಬ್ಬ ಡಾಕ್ಟರಿಂದ ಮಾತಾಡಿಸಿ. ಖರ್ಚು ನಮ್ಮ ಮೇಲೆ ಹಾಕಬೇಡಿ. ಕೊನೆಯದಕ್ಕೆ ಆಧಾರ ಇದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಗೆ ಈ ಲಸಿಕೆ ಉಚಿತ. ವಿದ್ಯಾರ್ಥಿಗಳಿಗೂ ಕೊಡಿಸಿ ಎಂದು ಕಾಲೇಜಿನ ಮೂಲಕ ಜಿಲ್ಲಾ ಆಸ್ಪತ್ರೆಗೆ ಕೇಳಬಹುದು. ಏಳು ಜನರೂ ಸಹಿ ಹಾಕಿ. ಪತ್ರದಲ್ಲಿ ಸಿಟ್ಟು ಬೇಡ, ಚರ್ಚಾ ಸ್ಪರ್ಧೆಗೆ ಉಳಿಸಿಕೊಳ್ಳಿ.

ಇಷ್ಟೆಲ್ಲ ಬರೆದ ಮೇಲೆ ಮೊದಲೇ ಕೇಳಬೇಕಿದ್ದ ಒಂದು ವಿಷಯ. ನಿಮ್ಮ ಲಸಿಕೆ ಕಾರ್ಡ್ ನೋಡಿದ್ದೀರಾ? ಹೆಪಟೈಟಿಸ್ ಬಿ ಲಸಿಕೆ 2002ರಲ್ಲಿ ದೇಶದ ಕೆಲವು ಕಡೆ ಪ್ರಯೋಗವಾಗಿ ಶುರುವಾಗಿ, 2007-08ರಲ್ಲಿ ಕರ್ನಾಟಕ ಸೇರಿ ಹತ್ತು ರಾಜ್ಯಗಳಿಗೆ ಬಂತು. ನಂತರ 2011ರ ಹೊತ್ತಿಗೆ ದೇಶಕ್ಕೆಲ್ಲ. ಖಾಸಗಿ ಮಕ್ಕಳ ಡಾಕ್ಟರುಗಳು ಅದಕ್ಕೂ ಮುಂಚೆಯೇ ಹಾಕುತ್ತಿದ್ದರು. ನೀವು ಹುಟ್ಟಿದ್ದು ಸರಿಯಾಗಿ ಆ ಗಡಿ ಹೊತ್ತಿಗೆ. ಅಮ್ಮನಿಗೆ ಫೋನ್ ಮಾಡಿ ಹಳೇ ಟ್ರಂಕು, ಬೀರು, ದೇವರ ಗೂಡಿನ ಕೆಳಗಿನ ಡಬ್ಬ ಎಲ್ಲ ಹುಡುಕಲು ಹೇಳಿ. ಕಾರ್ಡಿನಲ್ಲಿ 'ಹೆಪ್ ಬಿ' ಮುಂದೆ ಮೂರು ತಾರೀಖು ಇದ್ದರೆ ನಿಮಗೆ ಮತ್ತೆ ಮೂರು ಸೂಜಿ ಬೇಕಿಲ್ಲ. ಮೊದಲು ಟೈಟರ್ ನೋಡಿಸಿ. 10ಕ್ಕಿಂತ ಕಡಿಮೆ ಬಂದರೆ ಒಂದು ಡೋಸ್ ಹಾಕಿ ಮತ್ತೆ ನೋಡುತ್ತಾರೆ. ಹೆಚ್ಚಿನವರಿಗೆ ಅಷ್ಟು ಸಾಕಾಗುತ್ತದೆ, ದೇಹ ಹಳೆಯದನ್ನು ಮರೆತಿರುವುದಿಲ್ಲ. ಕಾರ್ಡ್ ಸಿಕ್ಕಿತಾ, ಬೋರ್ಡಿನ ಪಟ್ಟಿ ಇಳಿಯಿತಾ, ಎರಡನ್ನೂ ಬರೆದು ತಿಳಿಸಿ.